ಇಂಜಿನ್ ಬಿಸಿ, ಕ್ಯಾಬಿನ್ ತಣ್ಣಗೆ: ಕೂಲಂಟ್ ಹೀಟರ್ ದೋಷ ಹುಡುಕುವ ಕೈಪಿಡಿ

ಬೆಳಗಾವಿಯಲ್ಲಿ ಹೀಟರ್ ಯಾರಿಗೆ ಬೇಕು ಅಂತ ಕೇಳುವವರು ಜುಲೈ ತಿಂಗಳಲ್ಲಿ ಚೋರ್ಲಾ ಘಾಟಿನಲ್ಲೋ ಅಂಬೋಲಿ ದಾರಿಯಲ್ಲೋ ಏಸಿ ಇಲ್ಲದ ಜೀಪು ಓಡಿಸಿ ನೋಡಬೇಕು. ಹೊರಗೆ ಜಡಿಮಳೆ, ಒಳಗೆ ಏಳೆಂಟು ಜನರ ಉಸಿರು. ಮುಂದಿನ ಗಾಜು ಮಬ್ಬಾಗಿ, ಎದುರಿಗೆ ಬರುವ ಗಾಡಿಯ ಲೈಟು ಬಿಟ್ಟರೆ ಏನೂ ಕಾಣುವುದಿಲ್ಲ. ಆಗ ಹೀಟರ್ ನೆನಪಾಗುತ್ತದೆ. ನಾಬ್ ತಿರುಗಿಸಿದರೆ ತಣ್ಣನೆ ಗಾಳಿ. ಮರುದಿನ ಗಾಡಿ ಉದ್ಯಮಬಾಗದ ನಮ್ಮ ಗ್ಯಾರೇಜಿನ ಮುಂದೆ ನಿಂತಿರುತ್ತದೆ.

ಇನ್ನೊಂದು ಕಡೆ ನನ್ನ ಅಕ್ಕನ ಮಗ. ಇಂಗ್ಲೆಂಡಿನಲ್ಲಿ ಕೆಲಸ, ಕಾಲುವೆಯ ಮೇಲೆ ಒಂದು ಹಳೆ ಕಬ್ಬಿಣದ ಬೋಟು ಕೊಂಡು ಅದರಲ್ಲೇ ಸಂಸಾರ. ಅಲ್ಲಿ ಬಾಡಿಗೆ ಕಟ್ಟುವುದಕ್ಕಿಂತ ಇದು ಅಗ್ಗ ಅಂತ ಅವನ ಲೆಕ್ಕ. ಚಳಿಗಾಲದಲ್ಲಿ ಬೋಟಿನ ಇಂಜಿನ್ ಕೂಲಂಟಿನಿಂದಲೇ, ಅಂದರೆ ಇಂಜಿನ್ ತಂಪಾಗಿಡಲು ಅದರೊಳಗೆ ಸುತ್ತುವ ದ್ರವದಿಂದಲೇ, ಕ್ಯಾಬಿನ್ ಬಿಸಿ ಮಾಡಿಕೊಳ್ಳುವ ಹೀಟರ್ ಅವನದು. ಅದು ಕೆಟ್ಟಾಗ ವಿಡಿಯೋ ಕಾಲ್ ಬರುವುದು ನನಗೆ. ಘಾಟಿನ ಜೀಪು, ಅವನ ಬೋಟು, ಎರಡರ ಹೀಟರೂ ಒಂದೇ ಜಾತಿಯದು. ಹಾಗಾಗಿ ಎರಡನ್ನೂ ಸೇರಿಸಿಯೇ ಬರೆಯುತ್ತಿದ್ದೇನೆ.

ಈ ಹೀಟರ್‌ಗೆ ತನ್ನದೇ ಒಲೆ ಇಲ್ಲ. ಇಂಜಿನ್‌ಗೆ ಹಾಕಿದ ಡೀಸೆಲ್‌ನಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಗಾಡಿ ಎಳೆಯುತ್ತದೆ. ಮತ್ತೊಂದು ಪಾಲು ಸೈಲೆನ್ಸರ್‌ನಿಂದ ಹೊರಗೆ ಹೋಗುತ್ತದೆ. ಇನ್ನೊಂದು ಪಾಲು ಕೂಲಂಟಿಗೆ ಸೇರಿ, ರೇಡಿಯೇಟರ್‌ನಲ್ಲಿ ಗಾಳಿಗೆ ಹೋಗುತ್ತದೆ. ಹೀಗೆ ಸುಮ್ನೆ ಹೋಗುವ ಬಿಸಿಯಲ್ಲಿ ಸ್ವಲ್ಪವನ್ನು ಕ್ಯಾಬಿನ್ ಒಳಗಿರುವ ಚಿಕ್ಕ ರೇಡಿಯೇಟರ್‌ಗೆ ತಿರುಗಿಸುತ್ತಾರೆ. ಅದೇ ಹೀಟರ್ ಕೋರ್. ಹಿಂದೆ ಗಾಳಿ ಊದುವ ಒಂದು ಬ್ಲೋವರ್. ಅಷ್ಟೇ ಕಥೆ.

ಸಿಗುವ ಬಿಸಿ ಕಡಿಮೆಯೇನಲ್ಲ. ಕೋರ್ ಮೂಲಕ ನಿಮಿಷಕ್ಕೆ 5 ಲೀಟರ್ ಹರಿದು, ಒಳಗೆ ಹೋಗುವಾಗ ಇದ್ದದ್ದಕ್ಕಿಂತ 10 ಡಿಗ್ರಿ ಇಳಿದು ಹೊರಗೆ ಬಂದರೆ ಸುಮಾರು ಮೂರೂವರೆ ಕಿಲೋವ್ಯಾಟ್ ಕ್ಯಾಬಿನ್‌ಗೆ ಸಿಕ್ಕಿದ ಹಾಗೆ. ಬಚ್ಚಲುಮನೆಯ ಗೀಸರ್‌ಗಿಂತ ಜಾಸ್ತಿ. ಆದರೆ ಹರಿವು ನಿಂತರೆ ಅದು ಸೊನ್ನೆ. ಇಂಜಿನ್ ಎಷ್ಟೇ ಬಿಸಿ ಇರಲಿ, ಸೊನ್ನೆಯೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹೀಟರ್ ತಣ್ಣಗಾಯಿತು ಅಂದರೆ ಅದನ್ನು ಸೌಕರ್ಯದ ತಕರಾರು ಅಂತ ಬದಿಗೆ ಸರಿಸಬೇಡಿ. ಕೂಲಂಟ್ ಕಡಿಮೆಯಾಗಿದ್ದನ್ನು ಬಹಳ ಸಲ ಮೊದಲು ಹೇಳುವುದು ಹೀಟರ್, ಟೆಂಪರೇಚರ್ ಮುಳ್ಳು ಅಲ್ಲ. ಕೋರ್ ಸಾಮಾನ್ಯವಾಗಿ ಎತ್ತರದಲ್ಲಿ, ಡ್ಯಾಶ್‌ಬೋರ್ಡ್ ಹಿಂದೆ ಇರುತ್ತದೆ. ಕೂಲಂಟ್ ಇಳಿದರೆ ಗಾಳಿ ಸೇರುವುದು ಅಲ್ಲೇ. ಮುಳ್ಳಿಗೆ ಸುದ್ದಿ ಕೊಡುವ ಸೆನ್ಸರ್ ಕೂಲಂಟ್‌ನಲ್ಲಿ ಮುಳುಗಿರುವ ತನಕ ಸರಿಯಾಗಿ ಹೇಳುತ್ತದೆ. ಸುತ್ತ ಗಾಳಿ, ಹಬೆ ತುಂಬಿದರೆ ಅದರ ಮಾತನ್ನು ನಂಬುವ ಹಾಗಿಲ್ಲ. ಘಾಟು ಏರುವಾಗ ಮುಳ್ಳು ಮೇಲೆ ಹೋದರೆ ಹೀಟರ್ ಫುಲ್ ಹಾಕಿ ಅಂತ ಹಳೇ ಡ್ರೈವರುಗಳು ಹೇಳುವುದು ಸರಿಯೇ. ಕೋರ್ ಇನ್ನೊಂದು ರೇಡಿಯೇಟರ್ ಆಗಿ ಸ್ವಲ್ಪ ಬಿಸಿ ಎಳೆಯುತ್ತದೆ. ಆದರೆ ಮುಳ್ಳು ಮೇಲೆ, ಹೀಟರ್ ಗಾಳಿ ತಣ್ಣಗೆ, ಎರಡೂ ಒಟ್ಟಿಗೆ ಆದರೆ ಕೂಲಂಟ್ ಖಾಲಿಯಾಗಿದೆ ಅಂತ ತಿಳಿದು ಅಲ್ಲೇ ಬದಿಗೆ ನಿಲ್ಲಿಸಿ. ಇನ್ನೊಂದು ತಿರುವು ದಾಟೋಣ ಅನ್ನಬೇಡಿ. ಸಿಲಿಂಡರ್‌ಗಳ ಮೇಲೆ ಮುಚ್ಚಳದಂತೆ ಕೂರುವ ಹೆಡ್ ಬಾಗಿದರೆ ಖರ್ಚು ಎಷ್ಟು ಅಂತ ಗೊತ್ತಲ್ವಾ?

ಎರಡು ಹೋಸ್ ಹಿಡಿದು ನೋಡಿ

ಏನನ್ನೂ ಬಿಚ್ಚುವ ಮೊದಲು ಮಾಡುವ ಪರೀಕ್ಷೆ ಇದು. ಖರ್ಚಿಲ್ಲ. ನನ್ನ ಲೆಕ್ಕದಲ್ಲಿ ಅರ್ಧ ರೋಗ ಇಲ್ಲೇ ಗೊತ್ತಾಗುತ್ತದೆ.

ರೇಡಿಯೇಟರ್ ಕ್ಯಾಪ್ ಮುಟ್ಟಬೇಡಿ. ಮಟ್ಟ ನೋಡುವುದಿದ್ದರೆ ಗಾಡಿ ಸ್ಟಾರ್ಟ್ ಮಾಡುವ ಮೊದಲೇ, ಇಂಜಿನ್ ಪೂರ್ತಿ ತಣ್ಣಗಿರುವಾಗ ನೋಡಿ. ಬಿಸಿ ಇಂಜಿನ್‌ನ ಕ್ಯಾಪ್ ತೆಗೆದರೆ ಒಳಗಿನ ಒತ್ತಡ ಒಮ್ಮೆಲೇ ಬಿಟ್ಟು, ಕುದಿಯುವ ಕೂಲಂಟ್ ಮುಖಕ್ಕೆ ಹಾರುತ್ತದೆ. ನಂತರ ಹತ್ತು-ಹದಿನೈದು ನಿಮಿಷ ಓಡಿಸಿ ಇಂಜಿನ್ ಬಿಸಿ ಮಾಡಿ. ಹೀಟರ್ ನಾಬ್ ಪೂರ್ತಿ ಬಿಸಿ ಕಡೆ, ಬ್ಲೋವರ್ ಮೊದಲ ಸ್ಪೀಡು. ಬಾನೆಟ್ ಎತ್ತಿ, ಹೆಗಲ ಮೇಲಿನ ಟವೆಲ್ ತೆಗೆದಿಡಿ. ಫ್ಯಾನ್, ಬೆಲ್ಟು ತಿರುಗುತ್ತಿರುತ್ತವೆ. ಇಂಜಿನ್ ಹಿಂದಿನ ತಗಡಿನ ಗೋಡೆಯೊಳಗೆ ಹೋಗುವ ಎರಡು ಕಪ್ಪು ಹೋಸ್ ಕಾಣುತ್ತವೆ, ಹೆಚ್ಚಿನ ಗಾಡಿಗಳಲ್ಲಿ ಒಳವ್ಯಾಸ 16 ಮಿಲಿಮೀಟರ್ ಆಸುಪಾಸು. ಮೊದಲು ಬೆರಳಿನ ಹಿಂಭಾಗ ತಾಗಿಸಿ, ಆಮೇಲೆ ಹಿಡಿಯಿರಿ. ಹಿಡಿದ ಕೈ ತಾನಾಗಿ ಹಿಂದೆ ಬಂದರೆ 60 ಡಿಗ್ರಿ ದಾಟಿದೆ ಅಂತ ಲೆಕ್ಕ.

ಈಗ ಎಲ್ಲರ ಹತ್ತಿರವೂ ಪಿಸ್ತೂಲು ಹಿಡಿದ ಹಾಗೆ ತೋರಿಸುವ ಇನ್‌ಫ್ರಾರೆಡ್ ಥರ್ಮಾಮೀಟರ್ ಇದೆ. ಕಪ್ಪು ರಬ್ಬರ್ ಮೇಲೆ ಅದು ಚೆನ್ನಾಗಿ ಓದುತ್ತದೆ. ಹೊಳೆಯುವ ಅಲ್ಯೂಮಿನಿಯಂ ಅಥವಾ ಹಿತ್ತಾಳೆ ಮೇಲೆ ಹಿಡಿದರೆ ತೀರಾ ಕಡಿಮೆ ತೋರಿಸುತ್ತದೆ. ಆ ಜಾಗಕ್ಕೆ ಒಂದು ತುಂಡು ಕಪ್ಪು ಇನ್ಸುಲೇಷನ್ ಟೇಪ್ ಸುತ್ತಿ ಅದರ ಮೇಲೆ ಹಿಡಿಯಿರಿ.

ಎರಡೂ ಹೋಸ್ ಸುಡುತ್ತಿದ್ದರೆ ಕೂಲಂಟ್ ತನ್ನ ಕೆಲಸ ಮಾಡಿದೆ. ತಪ್ಪು ಗಾಳಿಯ ಕಡೆ ಇದೆ. ಡ್ಯಾಶ್‌ಬೋರ್ಡ್ ಒಳಗಿನ ಫ್ಲಾಪ್ ತಿರುಗುತ್ತಿಲ್ಲ, ಅದರ ಕೇಬಲ್ ಕಳಚಿದೆ, ಅಥವಾ ಕೋರ್‌ನ ರೆಕ್ಕೆಗಳಲ್ಲಿ ಧೂಳು, ಎಲೆ ಕಟ್ಟಿದೆ. ನಾಬ್ ಹಗುರವಾಗಿ ಸುಮ್ನೆ ಸುತ್ತುತ್ತಿದ್ದರೆ ಮೊದಲು ಕೇಬಲ್ ನೋಡಿ. ಬ್ಲೋವರ್ ಕೊನೆಯ ಸ್ಪೀಡಿನಲ್ಲಿ ಮಾತ್ರ ತಿರುಗಿದರೆ ರೆಸಿಸ್ಟರ್ ಹೋಗಿದೆ. ಇದಕ್ಕಿಂತ ಹೆಚ್ಚು ಹೇಳುವಂಥದ್ದು ಇಲ್ಲಿ ಏನೂ ಇಲ್ಲ.

ಒಂದು ಸುಡುತ್ತದೆ, ಇನ್ನೊಂದು ತಣ್ಣಗೆ ಅಥವಾ ಉಗುರುಬೆಚ್ಚಗೆ ಇದೆ ಅಂದರೆ ಕೋರ್ ತನಕ ಬಿಸಿ ಬಂದು ಅಲ್ಲೇ ನಿಂತಿದೆ. ಕೋರ್ ಕಟ್ಟಿಕೊಂಡಿರಬೇಕು, ಅಥವಾ ಅದರಲ್ಲಿ ಗಾಳಿ ಸಿಕ್ಕಿಹಾಕಿಕೊಂಡಿರಬೇಕು. ಎರಡೂ ತಣ್ಣಗಿದ್ದು ಇಂಜಿನ್ ಮಾತ್ರ ಬಿಸಿ ಇದ್ದರೆ ಹೀಟರ್ ದಾರಿಗೆ ಕೂಲಂಟ್ ಬರುತ್ತಲೇ ಇಲ್ಲ. ಹೀಟರ್ ದಾರಿಯ ವಾಲ್ವ್ ಮುಚ್ಚಿದೆ, ಕೂಲಂಟ್ ಕಡಿಮೆ ಇದೆ, ಅಥವಾ ಹಿಂದೆ ಯಾರೋ ಕೋರ್ ಸೋರುತ್ತಿದೆ ಅಂತ ಹೋಸ್ ತಿರುಗಿಸಿ ಬೈಪಾಸ್ ಮಾಡಿ ಹೋಗಿದ್ದಾರೆ. ಕೊನೆಯದು ನಮ್ಮೂರಲ್ಲಿ ತುಂಬಾ ಸಾಮಾನ್ಯ. ಸೆಕೆಂಡ್ ಹ್ಯಾಂಡ್ ಗಾಡಿ ತೆಗೆದುಕೊಂಡವರಿಗೆ ಮೊದಲ ಮಳೆಗಾಲದ ತನಕ ಅದು ಗೊತ್ತೇ ಆಗುವುದಿಲ್ಲ.

ಇನ್ನು ಎರಡೂ ಬರೀ ಬೆಚ್ಚಗಿದ್ದು, ಇಂಜಿನ್ ಮುಳ್ಳೂ ಕೆಳಗೇ ಮಲಗಿದ್ದರೆ ಹೀಟರ್ ಬಿಚ್ಚಬೇಡಿ. ಅದು ಥರ್ಮೋಸ್ಟಾಟ್ ಕೆಲಸ, ಅಂದರೆ ಇಂಜಿನ್ ಕಾಯುವ ತನಕ ಕೂಲಂಟನ್ನು ರೇಡಿಯೇಟರ್‌ಗೆ ಬಿಡದೆ ತಡೆಯುವ ವಾಲ್ವ್‌ನದು.

ಥರ್ಮೋಸ್ಟಾಟ್ ಕಿತ್ತೆಸೆಯುವ ಚಟ

ನಮ್ಮ ಕಡೆ ಇದೊಂದು ರೋಗ. ಬೇಸಿಗೆಯಲ್ಲಿ ವಿಜಯಪುರ, ಬಾಗಲಕೋಟೆ ಕಡೆ 40 ಡಿಗ್ರಿ ಬಿಸಿಲು. ಗಾಡಿ ಒಮ್ಮೆ ಹೀಟ್ ಆಯಿತು ಅಂದ್ರೆ ಸಾಕು, ‘ವಾಲ್ವ್ ತಗದ ಬಿಡ್ರಿ, ಇಂಜಿನ್ ತಂಪ ಇರತೈತಿ’ ಅಂತ ಯಾರಾದರೂ ಸಲಹೆ ಕೊಡುತ್ತಾರೆ. ತೆಗೆದ ಮೇಲೆ ಕೂಲಂಟ್ ಮೊದಲ ನಿಮಿಷದಿಂದಲೇ ರೇಡಿಯೇಟರ್‌ಗೆ ಓಡುತ್ತದೆ. ಇಂಜಿನ್ ಸರಿಯಾದ ಬಿಸಿಗೆ ಬರುವುದೇ ಇಲ್ಲ. ಡೀಸೆಲ್ ಜಾಸ್ತಿ ಕುಡಿಯುತ್ತದೆ, ಆಯಿಲ್ ಬೇಗ ಕೆಡುತ್ತದೆ, ಸಿಲಿಂಡರ್ ಸವೆಯುತ್ತದೆ. ಇನ್ನೂ ತಮಾಷೆ ಏನೆಂದರೆ, ಕೆಲವು ಇಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆಯುವಾಗ ಅದರ ಇನ್ನೊಂದು ತುದಿ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅದನ್ನು ಕಿತ್ತರೆ ಬೈಪಾಸ್ ಸದಾ ತೆರೆದೇ ಇರುತ್ತದೆ. ಕೂಲಂಟ್‌ನ ಒಂದು ಪಾಲು ರೇಡಿಯೇಟರ್ ನೋಡದೆ ಇಂಜಿನ್‌ನಲ್ಲೇ ಸುತ್ತುತ್ತದೆ. ತಂಪು ಮಾಡಲು ಹೋಗಿ ಘಾಟಿನಲ್ಲಿ ಹೀಟ್ ಆಗುವ ಗಾಡಿಗಳಲ್ಲಿ ಇಂಥವೂ ಇರುತ್ತವೆ.

ಇದೆಯೋ ಇಲ್ಲವೋ ತಿಳಿಯಲು ಬಿಚ್ಚಬೇಕಾಗಿಲ್ಲ. ಬೆಳಿಗ್ಗೆ ತಣ್ಣನೆ ಇಂಜಿನ್ ಸ್ಟಾರ್ಟ್ ಮಾಡಿ, ರೇಡಿಯೇಟರ್‌ಗೆ ಹೋಗುವ ಮೇಲಿನ ದಪ್ಪ ಹೋಸ್ ಮೇಲೆ ಕೈ ಇಡಿ. ಥರ್ಮೋಸ್ಟಾಟ್ ಸರಿ ಇದ್ದರೆ ಕೆಲವು ನಿಮಿಷ ಹೋಸ್ ತಣ್ಣಗೇ ಇದ್ದು, ಆಮೇಲೆ ಒಮ್ಮೆಲೇ ಬಿಸಿಯಾಗುತ್ತದೆ. ಸ್ಟಾರ್ಟ್ ಮಾಡಿದಾಗಿನಿಂದ ನಿಧಾನವಾಗಿ ಬೆಚ್ಚಗಾಗುತ್ತಾ ಬಂದರೆ ಅದು ಇಲ್ಲ, ಅಥವಾ ಬಾಯಿ ತೆರೆದುಕೊಂಡೇ ಕೂತಿದೆ.

ಅನುಮಾನ ಉಳಿದರೆ ಬಿಚ್ಚಿ ಒಲೆಯ ಮೇಲೆ ನೋಡಬಹುದು. ಥರ್ಮೋಸ್ಟಾಟ್ ಮೈಮೇಲೆ ಅದು ತೆರೆಯುವ ಡಿಗ್ರಿ ಒತ್ತಿರುತ್ತಾರೆ. ಡೀಸೆಲ್ ಇಂಜಿನ್‌ಗಳಲ್ಲಿ 82 ಅಂತ ಇರುವುದು ಹೆಚ್ಚು. ತಣ್ಣಗಿರುವಾಗ ಅದರ ಬಾಯಿ ಸ್ವಲ್ಪ ಒತ್ತಿ ತೆರೆದು ಒಂದು ಹೊಲಿಗೆ ದಾರ ಸಿಕ್ಕಿಸಿ. ದಾರದ ತುದಿ ಹಿಡಿದು ಪಾತ್ರೆಯ ನೀರಿನಲ್ಲಿ ತೂಗುಬಿಡಿ. ತಳಕ್ಕೆ ತಾಗಬಾರದು. ಪಕ್ಕದಲ್ಲಿ ಥರ್ಮಾಮೀಟರ್. ನೀರು ಕಾಯುತ್ತಾ ಬಂದು 80 ದಾಟಿದ ಮೇಲೆ ದಾರ ಸಡಿಲಾಗಿ ಥರ್ಮೋಸ್ಟಾಟ್ ತಳಕ್ಕೆ ಬೀಳುತ್ತದೆ. ಅದೇ ಅದು ಬಾಯಿ ತೆರೆದ ಗಳಿಗೆ. 60ಕ್ಕೇ ಬಿದ್ದರೆ, ಅಥವಾ ದಾರ ಕಚ್ಚಲು ಆಗದಷ್ಟು ಮೊದಲೇ ತೆರೆದಿದ್ದರೆ ಹೊಸದು ಹಾಕಿ. ಹಾಕುವಾಗ ಅದರ ಅಂಚಿನಲ್ಲಿ ಸಣ್ಣ ತೂತು, ಅದರಲ್ಲಿ ಅಲ್ಲಾಡುವ ಒಂದು ಪಿನ್ ಇರುತ್ತದೆ ನೋಡಿ. ತುಂಬುವಾಗ ಗಾಳಿ ಹೊರಗೆ ಹೋಗಲೆಂದು ಇಟ್ಟಿರುವ ದಾರಿ ಅದು. ಅದು ಮೇಲೇ ಬರಬೇಕು. ಕೆಳಗೆ ಮಾಡಿ ಕೂರಿಸಿದರೆ ಮುಂದಿನ ಭಾಗದಲ್ಲಿ ಹೇಳುವ ತೊಂದರೆಯನ್ನು ನೀವೇ ಕರೆದ ಹಾಗೆ.

ಗಾಳಿ ಸಿಕ್ಕಿಹಾಕಿಕೊಂಡಿದ್ದರೆ

ಸ್ಟಾರ್ಟ್ ಮಾಡಿದಾಗ ಡ್ಯಾಶ್‌ಬೋರ್ಡ್ ಹಿಂದೆ ಗುಳುಗುಳು ಸದ್ದು. ಎಕ್ಸಲರೇಟರ್ ಒತ್ತಿದರೆ ಬಿಸಿಗಾಳಿ, ಬಿಟ್ಟರೆ ತಣ್ಣಗೆ. ಈ ಎರಡು ಲಕ್ಷಣ ಕಂಡರೆ ಗಾಳಿ ಇದೆ ಅಥವಾ ಕೂಲಂಟ್ ಕಡಿಮೆ ಇದೆ. ವಾಟರ್ ಪಂಪ್ ಸೋತಿದ್ದರೂ ಹೀಗೇ ಆಗುತ್ತದೆ, ಆದರೆ ಅದನ್ನು ಕೊನೆಗೆ ಅನುಮಾನಿಸಿ.

ಗಾಳಿ ತೆಗೆಯುವುದಕ್ಕೆ ತಾಳ್ಮೆ ಬೇಕು. ಗಾಡಿಯ ಮೂತಿ ಮೇಲಕ್ಕೆ ಬರುವ ಹಾಗೆ ಏರಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ. ಇಂಜಿನ್ ತಣ್ಣಗಿರಲಿ, ಹೀಟರ್ ನಾಬ್ ಬಿಸಿ ಕಡೆ ಇರಲಿ. ಕೂಲಂಟನ್ನು ಸಣ್ಣ ಧಾರೆಯಲ್ಲಿ ಹಾಕಿ. ಅವಸರದಲ್ಲಿ ಸುರಿದರೆ ಗಾಳಿ ಕೆಳಗೆ ಸಿಕ್ಕಿಬೀಳುತ್ತದೆ. ಹೀಟರ್ ಹೋಸ್ ಮೇಲೆ ಗಾಳಿ ಬಿಡುವ ಬ್ಲೀಡ್ ಸ್ಕ್ರೂ ಇದ್ದರೆ ಸಡಿಲಿಸಿ, ಗುಳ್ಳೆ ನಿಂತು ಬರೀ ಕೂಲಂಟ್ ಬಂದ ಮೇಲೆ ಬಿಗಿ ಮಾಡಿ. ಇಲ್ಲದಿದ್ದರೆ ಹೋಸ್‌ಗಳನ್ನು ಒಂದೊಂದಾಗಿ ಹಿಂಡುತ್ತಾ ಬನ್ನಿ. ಕ್ಯಾಪ್ ಹಾಕಿ, ಇಂಜಿನ್ ಬಿಸಿ ಮಾಡಿ, ಪೂರ್ತಿ ಆರಲು ಬಿಟ್ಟು ಮತ್ತೆ ಮಟ್ಟ ನೋಡಿ. ಸ್ವಲ್ಪ ಇಳಿದಿರುತ್ತದೆ. ತುಂಬಿಸಿ.

ಕ್ಯಾಪ್ ವಿಷಯ ಬಂದದ್ದಕ್ಕೆ ಒಂದು ಮಾತು. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು 97-98 ಡಿಗ್ರಿಗೇ ಕುದಿಯುತ್ತದೆ. ಕ್ಯಾಪ್ 1 ಬಾರ್ ಆಸುಪಾಸಿನ ಒತ್ತಡ ಹಿಡಿದಿಟ್ಟರೆ ಕುದಿಯುವ ಬಿಂದು 120ರ ಹತ್ತಿರ ಹೋಗುತ್ತದೆ. ಕ್ಯಾಪ್‌ನ ರಬ್ಬರ್ ಒಡೆದಿದ್ದರೆ ಆ ಒತ್ತಡ ನಿಲ್ಲುವುದಿಲ್ಲ. ಕೂಲಂಟ್ ರೇಡಿಯೇಟರ್ ಪಕ್ಕದ ಬಾಟಲಿಗೆ ಹೋಗುತ್ತದೆ, ಆರಿದ ಮೇಲೆ ವಾಪಸ್ ಬರುವುದಿಲ್ಲ, ಆ ಜಾಗಕ್ಕೆ ಗಾಳಿ ಬರುತ್ತದೆ. ‘ಸೋರಿಕೆ ಎಲ್ಲೂ ಇಲ್ಲ, ಆದ್ರೂ ಕಡಿಮೆ ಆಗ್ತದ’ ಅನ್ನುವವರು ಬೇರೆ ಏನನ್ನಾದರೂ ಬಿಚ್ಚುವ ಮೊದಲು ಹೊಸ ಕ್ಯಾಪ್ ಹಾಕಿ ನೋಡಿ. ಇಷ್ಟು ಅಗ್ಗದ ರಿಪೇರಿ ಬೇರೆ ಇಲ್ಲ.

ಗಾಳಿ ತೆಗೆದು ವಾರದೊಳಗೆ ಮತ್ತೆ ಬಂದರೆ, ತೆಗೆಯುತ್ತಾ ಕೂರಬೇಡಿ. ಹೆಡ್ ಕೆಳಗೆ ಸೋರದಂತೆ ಹಾಕಿರುವ ಹೆಡ್ ಗ್ಯಾಸ್ಕೆಟ್ ಮೇಲೆ ಕಣ್ಣಿಡಿ. ತಣ್ಣನೆ ಇಂಜಿನ್ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷದಲ್ಲೇ, ಕೂಲಂಟ್ ಬಿಸಿಯಾಗುವ ಮೊದಲೇ, ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾದರೆ ಸಿಲಿಂಡರ್ ಗ್ಯಾಸ್ ಕೂಲಂಟಿಗೆ ನುಗ್ಗುತ್ತಿದೆ. ಆ ಗ್ಯಾಸೇ ನಿಮ್ಮ ಹೀಟರ್ ಕೋರ್‌ನಲ್ಲಿ ಹೋಗಿ ಕೂರುವುದು.

ಬೋಟಿನಲ್ಲಿ ದಾರಿ ಉದ್ದ

ಈಗ ಅಳಿಯನ ಬೋಟು. ಅಲ್ಲಿನ ಕಾಲುವೆ ಬೋಟುಗಳು ಸಪೂರ, ಉದ್ದ. ಅಗಲ ಏಳು ಅಡಿ ಮೀರುವಂತಿಲ್ಲ, ಹಳೆಯ ಕಾಲುವೆಗಳ ಲಾಕ್‌ಗಳು, ಅಂದರೆ ನೀರು ತುಂಬಿಸಿ ಇಳಿಸಿ ಬೋಟನ್ನು ಏರಿಸುವ ಇಳಿಸುವ ಗೇಟಿನ ಕಟ್ಟೆಗಳು, ಅಷ್ಟೇ ಅಗಲ. ಉದ್ದ ಮಾತ್ರ ಐವತ್ತು, ಅರವತ್ತು ಅಡಿ. ಇಂಜಿನ್ ಹಿಂದಿನ ತುದಿಯಲ್ಲಿ, ಕೂರುವ ಕೋಣೆ ಮುಂದೆ. ರೇಡಿಯೇಟರ್ ಇಲ್ಲ. ಬೋಟಿನ ಕಬ್ಬಿಣದ ಗೋಡೆಗೆ ಒಳಗಿನಿಂದ ಒಂದು ಚಪ್ಪಟೆ ಟ್ಯಾಂಕು ವೆಲ್ಡ್ ಮಾಡಿರುತ್ತಾರೆ. ಕೂಲಂಟ್ ಅದರಲ್ಲಿ ಸುತ್ತುತ್ತದೆ, ಹೊರಗಿನ ಕಾಲುವೆ ನೀರು ತಗಡಿನ ಮೂಲಕ ಅದನ್ನು ತಂಪು ಮಾಡುತ್ತದೆ. ಸ್ನಾನದ ನೀರು ಕಾಯಿಸುವ ಟ್ಯಾಂಕಿನೊಳಗೂ ಇದೇ ಕೂಲಂಟಿನ ಒಂದು ಸುರುಳಿ ಹೋಗುತ್ತದೆ.

‘ಮಾಮಾ, ಫ್ಯಾನ್ ತಿರಗಾಕತ್ತೈತ್ರಿ, ಗಾಳಿ ಮಾತ್ರ ತಣ್ಣಗ ಬರಾಕತ್ತೈತಿ.’

‘ಮುಳ್ಳ ಎಲ್ಲೈತಿ?’

‘ಎಂಬತ್ತರ ಹತ್ರ ಐತ್ರಿ.’

‘ಹಂಗಾದ್ರ ಥರ್ಮೋಸ್ಟಾಟ್ ಛಲೋ ಐತಿ. ಇಂಜಿನ್ ಹತ್ರ ಹೋಗಿ ಹೀಟರ್ ಹೋಸ್ ಹಿಡಿ. ಹಿಡಕೊಂಡ ಮುಂದ ಮುಂದ ಹೋಗು. ಎಲ್ಲಿ ತಣ್ಣಗಾಗತೈತಿ, ಅಲ್ಲಿ ನಿಂತ ಫೋನ್ ತೋರಸು.’

ದೂರದಿಂದ ರೋಗ ಹುಡುಕಲು ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಉದ್ದ ಹೋಸ್ ಇದ್ದಲ್ಲಿ ಬಿಸಿ ಎಲ್ಲಿ ನಿಲ್ಲುತ್ತದೋ ಅಲ್ಲೇ ರೋಗ. ಅವನು ಮಂಡಿಯೂರಿ, ಮಂಚದ ಕೆಳಗೆ ಕೈ ಹಾಕಿ, ಹಲಗೆ ಎತ್ತಿ ಮುಟ್ಟುತ್ತಾ ಹೋದ. ಇಂಜಿನ್ ಕೋಣೆಯ ಬಾಗಿಲಿನ ಹತ್ತಿರ ನಿಂತ. ಅಲ್ಲಿ ಹೋಸ್ ನೆಲದಿಂದ ಎದ್ದು, ಬಾಗಿಲ ಚೌಕಟ್ಟಿನ ಮೇಲೆ ಹಾದು, ಮತ್ತೆ ಇಳಿದಿತ್ತು. ಏರುವ ಕಡೆ ಕೈ ಸುಡುತ್ತದೆ, ಇಳಿಯುವ ಕಡೆ ತಣ್ಣಗೆ. ಆ ಗುಬ್ಬು ಇಂಜಿನ್‌ನ ಹೆಡರ್ ಟ್ಯಾಂಕಿಗಿಂತ, ಅಂದರೆ ಕೂಲಂಟ್ ತುಂಬುವ ಟ್ಯಾಂಕಿಗಿಂತ ಎತ್ತರ. ಗಾಳಿ ಅಲ್ಲಿ ಹೋಗಿ ಕೂತರೆ ತಾನಾಗಿ ಹೊರಗೆ ಬರುವ ದಾರಿಯೇ ಇಲ್ಲ.

ಬೋಟಿನಲ್ಲಿ ಹೀಟರ್ ಹೋಸ್ ಹಾಕುವಾಗ ನೆನಪಿಡಬೇಕಾದ ಮುಖ್ಯ ವಿಷಯ ಇದು: ಇಡೀ ಸುತ್ತಿನಲ್ಲಿ ಹೆಡರ್ ಟ್ಯಾಂಕೇ ಎಲ್ಲಕ್ಕಿಂತ ಎತ್ತರದಲ್ಲಿರಬೇಕು. ಹೋಸ್ ಒಂದೇ ಸಮನೆ ಏರಬೇಕು ಅಥವಾ ಒಂದೇ ಸಮನೆ ಇಳಿಯಬೇಕು. ನಡುವೆ ಗುಬ್ಬು ತಪ್ಪಿಸಲು ಆಗದಿದ್ದರೆ ಅದರ ನೆತ್ತಿಯಲ್ಲಿ ಒಂದು ಬ್ಲೀಡ್ ವಾಲ್ವ್ ಇಡಲೇಬೇಕು. ಅವನು ಅಲ್ಲಿ T ಆಕಾರದ ಟೀ ಜಾಯಿಂಟ್ ಹಾಕಿ, ಮೇಲೆ ಮನೆ ಬಿಸಿ ಮಾಡುವ ರೂಮ್ ರೇಡಿಯೇಟರ್‌ಗೆ ಬಳಸುವಂಥ ಬ್ಲೀಡ್ ವಾಲ್ವ್ ಕೂರಿಸಿದ. ಟ್ಯಾಂಕಿಗಿಂತ ಎತ್ತರದ ವಾಲ್ವ್ ಸುಮ್ನೆ ತೆರೆದರೆ ಕೂಲಂಟ್ ಇಳಿದು ಗಾಳಿ ಒಳಗೆ ಹೋಗುತ್ತದೆ. ಅದಕ್ಕೇ ಇಂಜಿನ್ ತಣ್ಣಗಿರುವಾಗ, ಒಂದು ಬಕೆಟ್‌ನಿಂದ ಹ್ಯಾಂಡ್ ಪಂಪಿನಲ್ಲಿ ಕೂಲಂಟ್ ತಳ್ಳುತ್ತಾ ವಾಲ್ವ್ ತೆರೆಯಲು ಹೇಳಿದೆ. ಗುಳ್ಳೆ ನಿಂತು ಕೂಲಂಟ್ ಬಂತು. ಸ್ಟಾರ್ಟ್ ಮಾಡಿದ ಮೇಲೆ ಗಾಳಿ ಬೆಚ್ಚಗಾಯಿತು.

ಬೆಚ್ಚಗಾಯಿತು, ಬಿಸಿಯಾಗಲಿಲ್ಲ. ಎರಡನೇ ರೋಗ ಸ್ನಾನದ ಟ್ಯಾಂಕು. ಅದು ಇಂಜಿನ್ ಪಕ್ಕದಲ್ಲೇ, ಹೋಸ್ ಬರೀ ಒಂದು ಮೀಟರ್. ಹೀಟರ್‌ಗೆ ಹತ್ತಾರು ಮೀಟರ್. ಎರಡನ್ನೂ ಒಂದೇ ಟೀಯಿಂದ ಬೇರೆ ಬೇರೆ ಕವಲಾಗಿ ತೆಗೆದಿದ್ದರು. ಹೊಲಕ್ಕೆ ನೀರು ಬಿಟ್ಟಾಗ ಕಾಲುವೆ ಬಾಯಿಯ ಮಡಿ ತುಂಬಿ ಹರಿದು, ಕೊನೆಯ ಮಡಿ ಒಣಗುವುದಿಲ್ವಾ, ಹಾಗೆ. ಸ್ನಾನದ ಟ್ಯಾಂಕಿನ ಕವಲಿಗೆ ಒಂದು ಬಾಲ್ ವಾಲ್ವ್ ಹಾಕಿ ಅರ್ಧಕ್ಕಿಂತ ಜಾಸ್ತಿ ಮುಚ್ಚಿಸಿದೆ. ಹೀಟರ್‌ನ ವಾಪಸ್ ಹೋಸ್ ಮೇಲೆ ಕೈ ಇಟ್ಟುಕೊಂಡೇ ವಾಲ್ವ್ ತಿರುಗಿಸಬೇಕು. ಅದು ಕಾಯುತ್ತಾ ಬಂದಲ್ಲಿ ನಿಲ್ಲಿಸಬೇಕು. ಎರಡನ್ನೂ ಒಂದರ ಹಿಂದೆ ಒಂದು ಸರಣಿಯಲ್ಲಿ ಜೋಡಿಸುವವರೂ ಇದ್ದಾರೆ. ಆಗ ಹೀಟರ್ ಮೊದಲು ಬರಲಿ, ಟ್ಯಾಂಕು ಆಮೇಲೆ. ಉಲ್ಟಾ ಆದರೆ ತಣ್ಣನೆ ಟ್ಯಾಂಕು ಕಾಯುವ ತನಕ ಹೀಟರ್‌ಗೆ ಉಳಿಯುವುದು ಉಗುರುಬೆಚ್ಚನೆ ಕೂಲಂಟ್ ಮಾತ್ರ.

ಅವನ ಬೋಟಿನಲ್ಲಿ ಇಲ್ಲದ, ಆದರೆ ಬಹಳ ಕಡೆ ಕಾಣುವ ಇನ್ನೊಂದು ತಪ್ಪಿದೆ. ಹೀಟರ್‌ಗೆ ಹೋಗುವ ಹೋಸ್, ವಾಪಸ್ ಬರುವ ಹೋಸ್, ಎರಡನ್ನೂ ಒಂದೇ ಪೈಪಿನ ಮೇಲೆ ಅಕ್ಕಪಕ್ಕ ಟೀ ಹಾಕಿ ಕೊಡುತ್ತಾರೆ. ನೋಡಲು ಅಚ್ಚುಕಟ್ಟು. ಆದರೆ ಎರಡು ಜಾಗದಲ್ಲೂ ಒತ್ತಡ ಒಂದೇ. ಕೂಲಂಟ್ ಯಾಕೆ ಹರಿಯಬೇಕು? ಹೋಗುವುದು ಸಿಲಿಂಡರ್ ಹೆಡ್ ಕಡೆಯಿಂದ, ಥರ್ಮೋಸ್ಟಾಟ್‌ಗಿಂತ ಮೊದಲು ಹೊರಡಬೇಕು. ಬರುವುದು ವಾಟರ್ ಪಂಪ್ ಎಳೆಯುವ ಕಡೆ ಸೇರಬೇಕು. ದಾರಿ ತೀರಾ ಉದ್ದವಿದ್ದರೆ 12 ವೋಲ್ಟಿನ ಸಣ್ಣ ಸರ್ಕ್ಯುಲೇಷನ್ ಪಂಪ್ ಸೇರಿಸಬಹುದು. ಅದನ್ನು ತಗ್ಗಿನಲ್ಲಿಡಿ, ಕೂಲಂಟ್‌ನಲ್ಲಿ ತುಂಬಿಕೊಂಡೇ ಇರಲಿ. ಬಾಣದ ಗುರುತು ಇಂಜಿನ್ ಪಂಪ್ ತಳ್ಳುವ ದಿಕ್ಕಿಗೇ ಇರಲಿ. ಉಲ್ಟಾ ಹಾಕಿದರೆ ಎರಡು ಪಂಪುಗಳು ಜಗಳ ಮಾಡುತ್ತವೆ.

ಫ್ಯಾನ್ ನಿಧಾನ ತಿರುಗುತ್ತಿದ್ದರೆ ಬೋಟಿನಲ್ಲಿ ಮೊದಲ ಅನುಮಾನ ವೈರ್ ಮೇಲೆ. ಅಷ್ಟುದ್ದಕ್ಕೆ ತೆಳು ವೈರ್ ಎಳೆದಿದ್ದರೆ ದಾರಿಯಲ್ಲೇ ವೋಲ್ಟೇಜ್ ಬೀಳುತ್ತದೆ. ಫ್ಯಾನ್ ಓಡುತ್ತಿರುವಾಗಲೇ ಬ್ಯಾಟರಿ ಹತ್ತಿರ ಒಮ್ಮೆ, ಫ್ಯಾನ್ ಹತ್ತಿರ ಒಮ್ಮೆ ಮೀಟರ್ ಹಿಡಿಯಿರಿ. ಒಂದು ವೋಲ್ಟಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ವೈರ್ ಬದಲಿಸಿ.

ಸಮುದ್ರದ ನೀರನ್ನೇ ನೇರವಾಗಿ ಇಂಜಿನ್‌ಗೆ ಹರಿಸಿ ತಂಪು ಮಾಡುವ ಬೋಟುಗಳ ಕಥೆ ಬೇರೆ. ಉಪ್ಪು ಕಟ್ಟದಿರಲಿ ಅಂತ ಅವುಗಳ ಥರ್ಮೋಸ್ಟಾಟ್ 55-60 ಡಿಗ್ರಿಗೇ ತೆರೆಯುವಂತೆ ಇಟ್ಟಿರುತ್ತಾರೆ. ಆ ನೀರನ್ನು ಕ್ಯಾಬಿನ್ ಒಳಗೆ ತರಬೇಡಿ. ಒಂದು ಹೋಸ್ ಒಡೆದರೆ ಸಮುದ್ರವೇ ಒಳಗೆ ಬರುತ್ತದೆ.

ರೋಗವೇ ಇಲ್ಲದಿದ್ದರೂ ಬಿಸಿ ಸಾಲದು ಅನ್ನಿಸುವುದುಂಟು. ಕಾಲುವೆಯಲ್ಲಿ ವೇಗದ ಮಿತಿ ಗಂಟೆಗೆ 4 ಮೈಲಿ, ನಡೆದು ಹೋದಷ್ಟೇ. ಇಂಜಿನ್‌ಗೆ ಕೆಲಸವೇ ಇಲ್ಲ. ಅದು ಐದಾರು ಎಚ್‌ಪಿ ಕೆಲಸ ಮಾಡುತ್ತಿದ್ದರೆ ಕೂಲಂಟಿಗೆ ಸಿಗುವ ಬಿಸಿಯೂ ಹೆಚ್ಚುಕಡಿಮೆ ಅಷ್ಟೇ, ಅಂದರೆ ನಾಲ್ಕು ಕಿಲೋವ್ಯಾಟ್. ಅದರಲ್ಲೇ ಸ್ನಾನದ ನೀರು, ಅದರಲ್ಲೇ ಕ್ಯಾಬಿನ್. ದಡಕ್ಕೆ ಕಟ್ಟಿ ಐಡ್ಲಿಂಗ್‌ನಲ್ಲಿ ಬಿಟ್ಟರೆ ಇನ್ನೂ ಕಡಿಮೆ. ಡೀಸೆಲ್ ಇಂಜಿನ್ ಹಾಗೆ ಗಂಟೆಗಟ್ಟಲೆ ಲೋಡ್ ಇಲ್ಲದೆ ಓಡಿದರೆ ಸಿಲಿಂಡರ್ ಗೋಡೆ ನುಣುಪಾಗಿ ಆಯಿಲ್ ಸುಡಲು ಶುರುವಾಗುತ್ತದೆ. ಅಲ್ಲಿನ ಕಾಲುವೆ ನಿಯಮದಲ್ಲಿ ಕಟ್ಟಿಹಾಕಿದ ಬೋಟಿನ ಇಂಜಿನ್ ರಾತ್ರಿ 8ರಿಂದ ಬೆಳಿಗ್ಗೆ 8ರ ತನಕ ಓಡಿಸುವಂತೆಯೂ ಇಲ್ಲ. ‘ರಾತ್ರಿಗೆ ಬ್ಯಾರೆ ಒಲಿ ನೋಡಕೋ, ಕಾರ್ಬನ್ ಮೊನಾಕ್ಸೈಡ್ ಅಲಾರಂ ಇಲ್ಲದ ಹಚ್ಚಬ್ಯಾಡ’ ಅಂದೆ. ಆ ಗ್ಯಾಸಿಗೆ ವಾಸನೆ ಇಲ್ಲ, ಬೋಟಿನಂಥ ಇಕ್ಕಟ್ಟು ಜಾಗದಲ್ಲಿ ನಿದ್ದೆಯಲ್ಲೇ ಜೀವ ಹೋಗುತ್ತದೆ.

ಅರಿಶಿನ ಪುಡಿ, ಬೋರ್ ನೀರು

ಮತ್ತೆ ನಮ್ಮೂರಿಗೆ. ಕೋರ್ ಕಟ್ಟಿಕೊಳ್ಳುವುದಕ್ಕೆ ಇಲ್ಲಿ ಎರಡು ಕಾರಣ. ಒಂದು, ರೇಡಿಯೇಟರ್ ಸೋರಿದಾಗ ದಾರಿಯಲ್ಲಿ ಹಾಕುವ ಅರಿಶಿನ ಪುಡಿ. ಸಣ್ಣ ತೂತು ಮುಚ್ಚುತ್ತದೆ ನಿಜ. ಊರು ಮುಟ್ಟಲು ಅದು ಸಾಕು. ಆದರೆ ಊರು ಮುಟ್ಟಿದ ಮೇಲೆ ತೊಳೆಯುವುದನ್ನು ಮರೆಯುತ್ತಾರೆ. ಪುಡಿಗೆ ರೇಡಿಯೇಟರ್ ತೂತು ಯಾವುದು, ಹೀಟರ್ ಕೋರ್‌ನ ಸಣ್ಣ ನಾಳ ಯಾವುದು ಅಂತ ಗೊತ್ತಿಲ್ಲ. ಪೇಟೆಯಲ್ಲಿ ಸಿಗುವ ಲೀಕ್ ನಿಲ್ಲಿಸುವ ಪುಡಿಗಳಿಗೂ ಇದೇ ಮಾತು.

ಎರಡನೆಯದು ಬೋರ್‌ವೆಲ್ ನೀರು. ವಿಜಯಪುರ, ಬಾಗಲಕೋಟೆ ಕಡೆಯ ಗಡಸು ನೀರು ಚಹಾ ಪಾತ್ರೆಯ ತಳದಲ್ಲೇ ಬಿಳಿ ಪದರ ಕಟ್ಟುತ್ತದೆ. ಇಂಜಿನ್‌ನೊಳಗೂ ಕಟ್ಟದೇ ಬಿಡುತ್ತದೆಯೇ? ಕೂಲಂಟ್‌ಗೆ ಬೆರೆಸಲು ಬ್ಯಾಟರಿ ನೀರು ಹಾಕಿ, ಅಂದರೆ ಆ್ಯಸಿಡ್ ಅಲ್ಲ, ಡಿಸ್ಟಿಲ್ಡ್ ನೀರು. ನಮ್ಮಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ, ಕೂಲಂಟ್ ಯಾಕೆ ಅನ್ನಬೇಡಿ. ತುಕ್ಕು ತಡೆಯುವುದೂ ಅದೇ. ಅಳಿಯನ ಬೋಟಿಗೆ ಅರ್ಧಕ್ಕರ್ಧ ಬೆರೆಸಿದ್ದು ಬೇಕು, ಮೈನಸ್ 35ರ ಆಸುಪಾಸಿನ ತನಕ ತಡೆಯುತ್ತದೆ.

ತೊಳೆಯುವ ವಿಧಾನ ಇಷ್ಟು. ಇಂಜಿನ್ ಆರಿದ ಮೇಲೆ ಎರಡೂ ಹೀಟರ್ ಹೋಸ್ ಬಿಚ್ಚಿ. ಕೆಳಗೆ ಬಾಂಡ್ಲಿ ಇಡಿ. ಕೂಲಂಟ್ ಸಿಹಿಯಾಗಿರುತ್ತದೆ, ನಾಯಿ, ಬೆಕ್ಕು ನೆಕ್ಕುತ್ತವೆ, ಅದು ವಿಷ. ವಾಪಸ್ ಬರುವ ಬಾಯಿಗೆ ತೋಟದ ಪೈಪು ಹಿಡಿದು ಮೆಲ್ಲಗೆ ನೀರು ಬಿಡಿ, ಅಂದರೆ ಎಂದಿನ ಹರಿವಿಗೆ ಉಲ್ಟಾ. ಮೊದಲು ಕಂದು ಕೆಸರು, ಆಮೇಲೆ ಹಳದಿ ಚೂರುಗಳು ಬಂದರೆ ಅರಿಶಿನದ ಕಥೆ ಗೊತ್ತಾಯಿತಲ್ಲ. ಸ್ವಚ್ಛ ನೀರು ಬರುವ ತನಕ ದಿಕ್ಕು ಬದಲಿಸುತ್ತಾ ಬಿಡಿ. ಸುಣ್ಣದ ಪದರ ಇದ್ದರೆ ಬಿಸಿನೀರಿನಲ್ಲಿ ಕರಗಿಸಿದ ನಿಂಬೆ ಉಪ್ಪು (ಸಿಟ್ರಿಕ್ ಆ್ಯಸಿಡ್) ತುಂಬಿಸಿ ಅರ್ಧ ಗಂಟೆ ಬಿಟ್ಟು ತೊಳೆಯಿರಿ. ಟಾಯ್ಲೆಟ್ ಆ್ಯಸಿಡ್ ಬೇಡವೇ ಬೇಡ, ಕಾಸ್ಟಿಕ್ ಸೋಡಾ ಅಂತೂ ಅಲ್ಯೂಮಿನಿಯಂ ಕೋರನ್ನು ತಿಂದೇ ಹಾಕುತ್ತದೆ. ಕಂಪ್ರೆಸರ್ ಗಾಳಿ ಪೂರ್ತಿ ಒತ್ತಡದಲ್ಲಿ ಬಿಟ್ಟರೆ ಹಳೇ ಕೋರ್ ಬಿರಿಯುತ್ತದೆ.

ಕೋರ್ ಸೋರುತ್ತಿದ್ದರೆ ಗಾಜಿನ ಒಳಗೆ ಒರೆಸಿದರೂ ಹೋಗದ ಜಿಡ್ಡು ಮಬ್ಬು, ಸಿಹಿ ವಾಸನೆ, ಮುಂದಿನ ಸೀಟಿನ ಕಾಲಡಿ ಮ್ಯಾಟ್ ಒದ್ದೆ. ಹೊಸ ಕೋರ್ ಬರುವ ತನಕ ಗಾಡಿ ಓಡಲೇಬೇಕಿದ್ದರೆ ಎರಡು ಹೋಸ್‌ಗಳನ್ನು ಒಂದು ಗಟ್ಟಿ ಪೈಪಿನ ತುಂಡಿನಿಂದ ಒಂದಕ್ಕೊಂದು ಜೋಡಿಸಿ. ಬೋಲ್ಟ್ ತುರುಕಿ ಎರಡೂ ಬಾಯಿ ಮುಚ್ಚಬೇಡಿ. ಕೆಲವು ಇಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ಮುಚ್ಚಿರುವಾಗ ಕೂಲಂಟ್ ಸುತ್ತುವ ದಾರಿಯೇ ಅದು. ಜೋಡಿಸಿದ ಮೇಲೆ ಒಂದು ಚೀಟಿ ಬರೆದು ಬಾನೆಟ್ ಒಳಗೆ ಅಂಟಿಸಿ, ಮುಂದೆ ಬಿಚ್ಚುವವನಿಗೆ ಗೊತ್ತಾಗಲಿ.

ಯಾವ ರಿಪೇರಿ ಮಾಡಿದರೂ ಕ್ಲಿಪ್‌ಗಳನ್ನು ಒಮ್ಮೆ ಬಿಗಿ ಮಾಡಿ ಬಿಡಬೇಡಿ. ಹೊಸ ರಬ್ಬರ್ ಬಿಸಿಗೆ ಒಗ್ಗಿಕೊಂಡು ಸ್ವಲ್ಪ ಕುಗ್ಗುತ್ತದೆ. ಎರಡು ದಿನ ಓಡಿಸಿ, ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಪ್ರತಿ ಕ್ಲಿಪ್‌ಗೂ ಸ್ಕ್ರೂಡ್ರೈವರ್ ಹಾಕಿ ನೋಡಿ, ಬಾಟಲಿಯ ಮೇಲೆ ಮಾರ್ಕರ್‌ನಿಂದ ಕೂಲಂಟ್ ಮಟ್ಟಕ್ಕೆ ಒಂದು ಗೆರೆ ಎಳೆಯಿರಿ. ವಾರ ಕಳೆದ ಮೇಲೂ ಕೂಲಂಟ್ ಆ ಗೆರೆಯಲ್ಲೇ ನಿಂತಿದ್ದರೆ ಡ್ಯಾಶ್‌ಬೋರ್ಡಿನ ಉಳಿದ ಸ್ಕ್ರೂಗಳನ್ನು ಹಾಕಿ ಮುಚ್ಚಬಹುದು.